ಕೆಲಸದ ಜಾಗದ ತಾರತಮ್ಯ: ಯುರೋಪಿನ ಹಲವು ದೇಶಗಳ ಜೊತೆ ಸೇರಿ ಸಂಶೋಧನೆ ಮಾಡುವುದು ಹೇಗೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಓದಿದವಳು. ಈಗ ನೆದರ್‌ಲ್ಯಾಂಡ್ಸ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆ, ಮಾಡುತ್ತಿದ್ದೇನೆ. ವಲಸೆ ಬಂದವರಿಗೆ ಮತ್ತು ಅವರ ಮಕ್ಕಳಿಗೆ ಕೆಲಸ ಹುಡುಕುವಾಗ, ಆಮೇಲೆ ಬಡ್ತಿಯಲ್ಲಿ ಆಗುವ ತಾರತಮ್ಯ ನನ್ನ ವಿಷಯ. ನಾಲ್ಕೈದು ದೇಶಗಳ ಸಂಶೋಧಕರನ್ನು ಸೇರಿಸಿ ಯುರೋಪಿಯನ್ ಒಕ್ಕೂಟದ ಅನುದಾನಕ್ಕೆ ಅರ್ಜಿ ಹಾಕುವ ಆಸೆ ಇದೆ. ಪಾಲುದಾರರನ್ನು ಹುಡುಕುವುದು ಹೇಗೆ? ಭಾರತದ ಸಂಸ್ಥೆಯನ್ನೂ ಸೇರಿಸಿಕೊಳ್ಳಬಹುದಾ? ನನ್ನ ಗುತ್ತಿಗೆ ಇನ್ನು ಒಂದೂವರೆ ವರ್ಷಕ್ಕೆ ಮುಗಿಯುತ್ತದೆ. ಇದನ್ನು ನಾನೇ ಮುನ್ನಡೆಸಬಹುದಾ?

ಉತ್ತರ: ಪಾಲುದಾರರ ಹುಡುಕಾಟಕ್ಕೆ ಆಮೇಲೆ ಬರೋಣ. ಮೊದಲು ಒಂದು ಹಾಳೆಯಲ್ಲಿ ನಿಮ್ಮ ಸಂಶೋಧನೆಯ ಪ್ರಶ್ನೆ ಬರೆಯಿರಿ. ಅದರ ಕೆಳಗೆ, ಈ ಪ್ರಶ್ನೆಗೆ ಒಂದೇ ದೇಶದಲ್ಲಿ ಯಾಕೆ ಉತ್ತರ ಸಿಗುವುದಿಲ್ಲ ಅನ್ನುವುದನ್ನೂ ಬರೆಯಿರಿ. ಅದನ್ನು ಬರೆಯಲು ಆಗದಿದ್ದರೆ ನಿಮಗಿನ್ನೂ ಪಾಲುದಾರರು ಬೇಕಾಗಿಲ್ಲ ಅಂತಲೇ ಅರ್ಥ. "ಐದು ದೇಶಗಳಲ್ಲಿ ತಾರತಮ್ಯ ಇದೆಯಾ ಅಂತ ನೋಡುತ್ತೇವೆ" ಅಂದರೆ ಸಾಲದು. ಇದೆ ಅಂತ ಎಲ್ಲರಿಗೂ ಗೊತ್ತು.

ಒಂದು ಉದಾಹರಣೆ ಕೊಡುತ್ತೇನೆ. 2019ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಲಿಂಕನ್ ಕ್ವಿಲಿಯನ್ ಮತ್ತು ಸಂಗಡಿಗರು 9 ದೇಶಗಳ 97 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಂದೇ ಅರ್ಹತೆ ಇರುವ ಅಭ್ಯರ್ಥಿಗಳು ಬೇರೆ ಬೇರೆ ಮೂಲದವರು ಅಂತ ಕಾಣುವ ಹಾಗೆ ಅರ್ಜಿ ಕಳಿಸಿ, ಯಾರಿಗೆ ಕರೆ ಬರುತ್ತದೆ ಅಂತ ಎಣಿಸುವ ಪ್ರಯೋಗಗಳು ಇವು. ಬಿಳಿಯರಲ್ಲದವರಿಗೆ ಎಲ್ಲ ದೇಶಗಳಲ್ಲೂ ಕಡಿಮೆ ಕರೆ ಬಂದಿತ್ತು. ಆದರೆ ಪ್ರಮಾಣ ಒಂದೇ ಆಗಿರಲಿಲ್ಲ. ಫ್ರಾನ್ಸ್‌ನಲ್ಲಿ ತಾರತಮ್ಯ ಎಲ್ಲಕ್ಕಿಂತ ಜಾಸ್ತಿ, ನಂತರ ಸ್ವೀಡನ್. ಜರ್ಮನಿಯಲ್ಲಿ ಅಷ್ಟಿಲ್ಲ. ಯಾಕೆ? ಜರ್ಮನಿಯಲ್ಲಿ ಅರ್ಜಿಯ ಜೊತೆ ಶಾಲೆಯ ಅಂಕಪಟ್ಟಿ, ತರಬೇತಿಯ ಪ್ರಮಾಣಪತ್ರ, ಹಿಂದೆ ಕೆಲಸ ಮಾಡಿದ ಕಡೆಯ ಪತ್ರ ಎಲ್ಲವನ್ನೂ ಲಗತ್ತಿಸುವ ರೂಢಿ ಇದೆ. ಅಭ್ಯರ್ಥಿಯ ಬಗ್ಗೆ ಇಷ್ಟೆಲ್ಲ ಗೊತ್ತಿದ್ದರೆ ಬರೀ ಹೆಸರು ನೋಡಿ ಊಹಿಸುವುದು ಕಡಿಮೆ ಆಗಬಹುದು ಅನ್ನುವುದು ಒಂದು ವಿವರಣೆ. ಇದು ನಿಜವೋ ಅಲ್ಲವೋ ಅಂತ ಜರ್ಮನಿಯಲ್ಲೇ ಕೂತು ಹೇಳಲು ಆಗುವುದಿಲ್ಲ. ಕಾಗದಪತ್ರ ಜಾಸ್ತಿ ಕೇಳುವ ದೇಶ, ಕಡಿಮೆ ಕೇಳುವ ದೇಶ ಎರಡೂ ಬೇಕು. ಪಾಲುದಾರರು ಬೇಕೇ ಬೇಕು ಅನ್ನುವ ಪ್ರಶ್ನೆ ಅಂದರೆ ಇಂಥದ್ದು. ಇಂಥ ಪ್ರಶ್ನೆ ಸಿಕ್ಕಿತೆಂದರೆ ಯಾವ ದೇಶ ಬೇಕು, ಯಾಕೆ ಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ, ಪರಿಚಯದವರು ಇದ್ದಾರೆ ಅನ್ನುವ ಕಾರಣಕ್ಕೆ ದೇಶಗಳನ್ನು ಸೇರಿಸುವ ಕಷ್ಟ ತಪ್ಪುತ್ತದೆ.

ಇನ್ನು ಅಳತೆಯ ವಿಷಯ, ಅಂದರೆ ಯಾರು ಯಾವ ಮೂಲದವರು ಅಂತ ಎಣಿಸುವುದು ಹೇಗೆ ಅನ್ನುವುದು. ಇಂಥ ಪಾಲುದಾರಿಕೆಗಳು ಮುರಿದು ಬೀಳುವುದು ಹೆಚ್ಚಾಗಿ ಇಲ್ಲೇ, ಹಣದ ವಿಷಯದಲ್ಲಿ ಅಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬ್ರಿಟನ್ನಿನ ಜನಗಣತಿ 1991ರಿಂದ ಜನರ ಜನಾಂಗೀಯ ಮೂಲವನ್ನು ನೇರವಾಗಿ ಕೇಳುತ್ತಿದೆ. ಫ್ರಾನ್ಸ್‌ನಲ್ಲಿ ಹಾಗೆ ಕೇಳುವಂತಿಲ್ಲ. ಜನಾಂಗದ ಆಧಾರದ ಮೇಲೆ ವರ್ಗೀಕರಿಸುವುದು ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ ಅಲ್ಲಿನ ಸಾಂವಿಧಾನಿಕ ಮಂಡಳಿ 2007ರ ನವೆಂಬರ್‌ನಲ್ಲಿ ಹೇಳಿತು. ಹಾಗಾಗಿ ಅಲ್ಲಿನ 'ತ್ರಾಜೆಕ್ತ್ವಾರ್ ಎ ಒರಿಜಿನ್' ಸಮೀಕ್ಷೆ ತಂದೆ ತಾಯಿ ಹುಟ್ಟಿದ ದೇಶ, ರಾಷ್ಟ್ರೀಯತೆ, ಜನರಿಗಾದ ಅನುಭವ ಇವುಗಳ ಮೂಲಕ ವಿಷಯವನ್ನು ಹಿಡಿಯುತ್ತದೆ. ಜರ್ಮನಿಯ ಸೂಕ್ಷ್ಮ ಜನಗಣತಿ (ಜನಸಂಖ್ಯೆಯ ಒಂದು ಚಿಕ್ಕ ಭಾಗವನ್ನು ಮಾತ್ರ ಕೇಳುವ ಸರ್ಕಾರಿ ಸಮೀಕ್ಷೆ) 2005ರಿಂದ 'ವಲಸೆಯ ಹಿನ್ನೆಲೆ' ಅನ್ನುವ ಗುಂಪನ್ನು ಎಣಿಸುತ್ತಾ ಬಂದಿದೆ. ನೀವಿರುವ ನೆದರ್‌ಲ್ಯಾಂಡ್ಸ್‌ನ ಅಂಕಿಅಂಶ ಸಂಸ್ಥೆ 'ಪಾಶ್ಚಾತ್ಯ', 'ಪಾಶ್ಚಾತ್ಯೇತರ' ಅನ್ನುವ ವಿಂಗಡಣೆಯನ್ನು 2022ರಲ್ಲಿ ಕೈಬಿಟ್ಟಿತು. ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳ ಸರ್ಕಾರಿ ದಾಖಲೆಗಳಲ್ಲಿ ಪ್ರತಿಯೊಬ್ಬರ ಹುಟ್ಟಿದ ದೇಶ, ತಂದೆ ತಾಯಿಯ ದೇಶ, ಸಂಬಳ, ಕೆಲಸ ಎಲ್ಲವೂ ಸಿಗುತ್ತವೆ, ಆದರೆ ಜನಾಂಗೀಯ ಮೂಲ ಸಿಗುವುದಿಲ್ಲ.

ಇದರ ಪರಿಣಾಮ ಏನು ಅಂತ ಯೋಚಿಸಿ. ಹುಟ್ಟಿದ ದೇಶ ನೋಡಿ ಎಣಿಸಿದರೆ ಮೂರನೇ ತಲೆಮಾರು ಕಾಣೆಯಾಗುತ್ತದೆ. ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮಿನಿಂದ ಬಂದ, ಭಾರತೀಯ ಮೂಲದ ಹಿಂದೂಸ್ತಾನಿ ಅಜ್ಜ ಅಜ್ಜಿಯ ಮೊಮ್ಮಗಳು, ಅಪ್ಪ ಅಮ್ಮ ಇಬ್ಬರೂ ರಾಟರ್‌ಡ್ಯಾಮಿನಲ್ಲಿ ಹುಟ್ಟಿದ್ದರೆ, ದಾಖಲೆಯಲ್ಲಿ ಉಳಿದವರಂತೆಯೇ ಡಚ್ಚಳು. ಆದರೆ ಅವಳ ಅರ್ಜಿ ನೋಡುವವರಿಗೆ ಹೆಸರು ಕಾಣುತ್ತದೆ, ಮುಖ ಕಾಣುತ್ತದೆ. ಯುರೋಪಿನ ಅಲ್ಪಸಂಖ್ಯಾತ ಸಮುದಾಯವಾದ ರೋಮಾ ಜನರ ವಿಷಯ ಇದಕ್ಕಿಂತ ಕಷ್ಟ. ಶತಮಾನಗಳಿಂದ ಸ್ಲೊವಾಕಿಯಾ, ರೊಮೇನಿಯಾ, ಬಲ್ಗೇರಿಯಾಗಳಲ್ಲೇ ಇರುವವರು ಅವರು. ವಲಸೆಯ ಲೆಕ್ಕದಲ್ಲಿ ಅವರು ಸಿಗುವುದೇ ಇಲ್ಲ. ಹೀಗೆ ಒಂದೊಂದು ದೇಶದ ತಂಡ ತನಗೆ ರೂಢಿಯಾದ ಸೇರಿನಲ್ಲೇ ಅಳೆದು ತಂದರೆ, ಮೂರು ವರ್ಷ ಕಳೆದ ಮೇಲೆ ಹೋಲಿಸಲು ಏನೂ ಇರುವುದಿಲ್ಲ.

ಪರಿಹಾರ ಇದೆ. ಅರ್ಜಿ ಬರೆಯುವ ಮೊದಲೇ, ಎಲ್ಲ ದೇಶಗಳಲ್ಲೂ ತಪ್ಪದೆ ಕೇಳುವ ಕೆಲವೇ ಪ್ರಶ್ನೆಗಳನ್ನು ಒಪ್ಪಿಕೊಳ್ಳಿ. ತಾನು ಮತ್ತು ತಂದೆ ತಾಯಿ ಹುಟ್ಟಿದ ದೇಶ ಒಂದು. ತನ್ನನ್ನು ತಾನು ಯಾವ ಗುಂಪಿನವರು ಅಂದುಕೊಳ್ಳುತ್ತಾರೆ ಅನ್ನುವುದು ಇನ್ನೊಂದು. ಬೇರೆಯವರು ತನ್ನನ್ನು ಹೇಗೆ ನೋಡುತ್ತಾರೆ ಅಂತ ಅನಿಸುತ್ತದೆ ಅನ್ನುವುದು ಮತ್ತೊಂದು. ಈ ಕೊನೆಯ ಪ್ರಶ್ನೆ ತುಂಬಾ ಮುಖ್ಯ, ಯಾಕೆಂದರೆ ತಾರತಮ್ಯ ಮಾಡುವವರು ನಿಮ್ಮ ದಾಖಲೆ ನೋಡುವುದಿಲ್ಲ, ನಿಮ್ಮನ್ನು ನೋಡುತ್ತಾರೆ. ಫ್ರಾನ್ಸ್‌ನಲ್ಲಿ ಯಾವುದನ್ನು ಎಷ್ಟರ ಮಟ್ಟಿಗೆ ಕೇಳಬಹುದು ಅಂತ ಅಲ್ಲಿನ ಪಾಲುದಾರರು ತಮ್ಮ ಡೇಟಾ ರಕ್ಷಣಾ ಅಧಿಕಾರಿಯ ಹತ್ತಿರ ಮೊದಲೇ ಕೇಳಿ ತಿಳಿದುಕೊಳ್ಳಲಿ. ಒಕ್ಕೂಟದ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್‌ನ 9ನೇ ವಿಧಿ ಪ್ರಕಾರ ಜನಾಂಗೀಯ ಮೂಲ, ಧರ್ಮ, ಕಾರ್ಮಿಕ ಸಂಘದ ಸದಸ್ಯತ್ವ ಎಲ್ಲವೂ ವಿಶೇಷ ರಕ್ಷಣೆಯ ಮಾಹಿತಿ. ಸಂಶೋಧನೆಗೆ ಬಳಸಲು ದಾರಿ ಇದೆ, ಆದರೆ ಆ ದಾರಿ ಪ್ರತಿ ದೇಶದಲ್ಲಿ ಸ್ವಲ್ಪ ಬೇರೆ.

ಒಂದೇ ಅಳತೆಯಲ್ಲಿ ಮಾಡಿದ ಕೆಲಸ ಹೇಗಿರುತ್ತದೆ ಅಂತ ನೋಡಬೇಕಾದರೆ ಒಕ್ಕೂಟದ ಸಂಶೋಧನಾ ಅನುದಾನ ಕಾರ್ಯಕ್ರಮವಾದ ಹೊರೈಜನ್ 2020ರ ಹಣದಲ್ಲಿ ನಡೆದ 'ಜೆಮ್' ಯೋಜನೆಯನ್ನು ಗಮನವಿಟ್ಟು ಓದಿ. ಬ್ರಿಟನ್, ಜರ್ಮನಿ, ನೆದರ್‌ಲ್ಯಾಂಡ್ಸ್, ನಾರ್ವೆ, ಸ್ಪೇನ್ ಈ ಐದು ದೇಶಗಳಲ್ಲಿ ಅವರು 19,000ಕ್ಕೂ ಹೆಚ್ಚು ಅರ್ಜಿಗಳನ್ನು ಕಳಿಸಿದರು. ಅಡುಗೆಯವರು, ರಿಸೆಪ್ಷನಿಸ್ಟ್, ಅಂಗಡಿ ಸಹಾಯಕರು, ಸಾಫ್ಟ್‌ವೇರ್ ಡೆವಲಪರ್ ಹೀಗೆ ಎಲ್ಲ ದೇಶಗಳಲ್ಲೂ ಸಿಗುವ ಕೆಲಸಗಳನ್ನೇ ಆರಿಸಿಕೊಂಡರು. ಬ್ರಿಟನ್ನಿನಲ್ಲಿ ಬಹುಸಂಖ್ಯಾತ ಬಿಳಿಯರ ಹೆಸರಿನ ಅರ್ಜಿಗಳಲ್ಲಿ ಶೇ. 24ಕ್ಕೆ ಒಳ್ಳೆಯ ಉತ್ತರ ಬಂತು, ಅಲ್ಪಸಂಖ್ಯಾತರ ಹೆಸರಿನವಕ್ಕೆ ಶೇ. 15. ಅಂದರೆ ಅದೇ ಫಲಕ್ಕೆ ಶೇ. 60ರಷ್ಟು ಹೆಚ್ಚು ಅರ್ಜಿ ಹಾಕಬೇಕು. ಫಲಿತಾಂಶದಷ್ಟೇ ಅವರ ವಿಧಾನವನ್ನೂ ನೋಡಿ. ಜರ್ಮನಿ, ನೆದರ್‌ಲ್ಯಾಂಡ್ಸ್, ಸ್ಪೇನ್‌ಗಳಲ್ಲಿ ಅರ್ಜಿಗೆ ಫೋಟೋ ಹಚ್ಚಿದರು, ಬ್ರಿಟನ್ನಿನಲ್ಲಿ ಇಲ್ಲ, ಅಲ್ಲಿ ಫೋಟೋ ಹಚ್ಚುವ ರೂಢಿ ಇಲ್ಲ. ಎಲ್ಲಿ ಒಂದೇ ಥರ ಇರಬೇಕು, ಎಲ್ಲಿ ಆಯಾ ದೇಶದ ರೂಢಿಗೆ ಬಿಡಬೇಕು ಅನ್ನುವುದನ್ನು ಪ್ರತಿ ಅಂಶಕ್ಕೂ ಕೂತು ತೀರ್ಮಾನಿಸಬೇಕು. ಫೋನ್ ಮಾಡಿದರೆ ಅದು 'ಕರೆ'ಯಾ? "ಇನ್ನಷ್ಟು ವಿವರ ಕಳಿಸಿ" ಅಂದರೆ? ಇದಕ್ಕೆಲ್ಲ ಒಂದೇ ನಿಯಮ ಇರಲಿ, ಬರವಣಿಗೆಯಲ್ಲಿ ಇರಲಿ.

ಆದರೆ ಈ ಥರದ ಪ್ರಯೋಗ ಅಳೆಯುವುದು ಬಾಗಿಲನ್ನು ಮಾತ್ರ. ನೀವು ಬಡ್ತಿಯ ಬಗ್ಗೆಯೂ ಕೇಳಿದ್ದೀರಿ. ಒಳಗೆ ಹೋದ ಮೇಲೆ ಯಾರಿಗೆ ಒಳ್ಳೆಯ ಪಾಳಿ, ಯಾರಿಗೆ ತರಬೇತಿ, ಯಾರ ಹೆಸರು ಬಡ್ತಿಗೆ ಹೋಗುತ್ತದೆ ಅನ್ನುವುದು ಸುಳ್ಳು ಸಿವಿ ಕಳಿಸಿದರೆ ತಿಳಿಯುವುದಿಲ್ಲ. ಅದಕ್ಕೆ ಸ್ವೀಡನ್, ನಾರ್ವೆಯಂಥ ನಾರ್ಡಿಕ್ ದೇಶಗಳ ಅಥವಾ ನೆದರ್‌ಲ್ಯಾಂಡ್ಸ್‌ನ ದಾಖಲೆಗಳಲ್ಲಿ ಉದ್ಯೋಗಿಯನ್ನು ಕಂಪನಿಗೆ ಜೋಡಿಸಿ ವರ್ಷಗಟ್ಟಲೆ ಹಿಂಬಾಲಿಸಬೇಕು, ಜೊತೆಗೆ ಕೆಲಸ ಮಾಡುವವರ ಹತ್ತಿರ ಕೂತು ಮಾತಾಡಬೇಕು. ನನ್ನ ಸಲಹೆ: ಎರಡನ್ನೂ ಒಂದೇ ಯೋಜನೆಯಲ್ಲಿ ಎಲ್ಲ ದೇಶಗಳಲ್ಲೂ ಮಾಡಲು ಹೋಗಬೇಡಿ. ಎಲ್ಲಿ ದಾಖಲೆ ಚೆನ್ನಾಗಿದೆಯೋ ಅಲ್ಲಿ ಬಡ್ತಿ, ಉಳಿದ ಕಡೆ ನೇಮಕಾತಿ ಮತ್ತು ಸಂದರ್ಶನ.

ಒಂದು ಹೊಸ ಅವಕಾಶವೂ ಇದೆ. ಒಕ್ಕೂಟದ 2023ರ ಸಂಬಳ ಪಾರದರ್ಶಕತೆ ನಿರ್ದೇಶನವನ್ನು ಸದಸ್ಯ ದೇಶಗಳು ತಮ್ಮ ಕಾನೂನಿಗೆ ತರಲು ಕೊಟ್ಟ ಗಡುವು 2026ರ ಜೂನ್ 7. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಂಪನಿಗಳು ಹಂತ ಹಂತವಾಗಿ ಗಂಡು ಹೆಣ್ಣಿನ ಸಂಬಳದ ಅಂತರ ಹೇಳಲೇಬೇಕಾಗುತ್ತದೆ. ಎರಡು ಮೂರು ಕಾರಣ ಸೇರಿ ಆಗುವ ತಾರತಮ್ಯವನ್ನೂ, ಉದಾಹರಣೆಗೆ ವಲಸೆ ಬಂದ ಹೆಣ್ಣುಮಗಳಿಗೆ ಆಗುವುದನ್ನೂ, ಆ ನಿರ್ದೇಶನ ಗುರುತಿಸುತ್ತದೆ. ಒಂದೇ ಕಾನೂನು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹೊತ್ತಿಗೆ ಜಾರಿಗೆ ಬಂದರೆ ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ.

ಈಗ ಪಾಲುದಾರರು. ವಿಶ್ವವಿದ್ಯಾಲಯಗಳನ್ನು ಮಾತ್ರ ಯೋಚಿಸಬೇಡಿ. 2000ದ ಜನಾಂಗೀಯ ಸಮಾನತೆ ನಿರ್ದೇಶನದ ಪ್ರಕಾರ ಪ್ರತಿ ಸದಸ್ಯ ದೇಶದಲ್ಲೂ ಒಂದು ಸಮಾನತಾ ಸಂಸ್ಥೆ ಇರಬೇಕು. ಬೆಲ್ಜಿಯಂನಲ್ಲಿ ಊನಿಯಾ ಇದೆ. ಫ್ರಾನ್ಸ್‌ನಲ್ಲಿ 'ಡಿಫಾನ್ಸರ್ ದೆ ದ್ರುವಾ' ಇದೆ. ದೂರು ಕೊಡುವವರ ಕಾಗದ ಮೊದಲು ಹೋಗುವುದು ಇಂಥ ಕಡೆಗೆ. ಈ ಸಂಸ್ಥೆಗಳ ಒಕ್ಕೂಟ ಈಕ್ವಿನೆಟ್ ಬ್ರಸೆಲ್ಸ್‌ನಲ್ಲಿದೆ. ಇವುಗಳಿಗೆ ಹೆಚ್ಚಿನ ಬಲ ಮತ್ತು ಸ್ವಾತಂತ್ರ್ಯ ಕೊಡಬೇಕು ಅಂತ 2024ರಲ್ಲಿ ಎರಡು ಹೊಸ ನಿರ್ದೇಶನಗಳು ಬಂದವು, ಅದರ ಗಡುವೂ 2026ರ ಜೂನ್. ಹಾಗಾಗಿ ಇವರಿಗೂ ನಿಮ್ಮಂಥವರು ಬೇಕು. ವಿಯೆನ್ನಾದಲ್ಲಿರುವ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಗಾಗಿ 13 ದೇಶಗಳ ಆಫ್ರಿಕನ್ ಮೂಲದವರನ್ನು ಕೇಳಿತ್ತು. ಹಿಂದಿನ ಐದು ವರ್ಷಗಳಲ್ಲಿ ತಾರತಮ್ಯ ಅನುಭವಿಸಿದ್ದೇವೆ ಅಂದವರು ಶೇ. 45. ಕೆಲಸ ಹುಡುಕುವಾಗ ಆಯಿತು ಅಂದವರು ಶೇ. 34. ತಾರತಮ್ಯ ಅನುಭವಿಸಿದವರಲ್ಲಿ ದೂರು ಕೊಟ್ಟವರು ಶೇ. 9 ಮಾತ್ರ. ದೂರಿನ ಕಡತಗಳನ್ನಷ್ಟೇ ನೋಡಿದರೆ ನೂರರಲ್ಲಿ ತೊಂಬತ್ತೊಂದು ಜನರ ಕಥೆ ಕೈಗೆ ಸಿಗುವುದಿಲ್ಲ, ಅಲ್ವಾ? ಆ ಸಂಸ್ಥೆಗಳಿಗೂ ಇದು ಗೊತ್ತು, ಅದಕ್ಕೇ ನಿಮ್ಮ ಫೋನ್ ಎತ್ತುತ್ತಾರೆ.

ಕಾರ್ಮಿಕ ಸಂಘಗಳನ್ನು ಖಂಡಿತ ಸೇರಿಸಿಕೊಳ್ಳಿ. ಕಂಪನಿಗಳ ವಿಷಯದಲ್ಲಿ ಎಚ್ಚರ ಬೇಕು. 2004ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ವೈವಿಧ್ಯ ಸನ್ನದುಗಳಿಗೆ (ಎಲ್ಲ ಹಿನ್ನೆಲೆಯವರಿಗೂ ಸಮಾನ ಅವಕಾಶ ಕೊಡುತ್ತೇವೆ ಅನ್ನುವ ಘೋಷಣೆಗಳಿಗೆ) ಈಗ ಯುರೋಪಿನ ಸಾವಿರಾರು ಕಂಪನಿಗಳು ಸಹಿ ಹಾಕಿವೆ. ಒಳಗೆ ಹೋಗಲು ಅದು ಒಳ್ಳೆಯ ದಾರಿ. ಆದರೆ ಎರಡು ತೊಡಕು. ಕಂಪನಿಗಳ ಸಂಘ ಪಾಲುದಾರ ಆಗಿದ್ದು, ನೀವು ಗುಟ್ಟಾಗಿ ಅದೇ ಕಂಪನಿಗಳಿಗೆ ಪರೀಕ್ಷೆಯ ಅರ್ಜಿ ಕಳಿಸಿದರೆ ಅದು ನ್ಯಾಯವಲ್ಲ, ಮೊದಲೇ ಹೇಳಿದರೆ ಪ್ರಯೋಗವೇ ಹಾಳು. ಹಾಗಾಗಿ ಅವರನ್ನು ಸಲಹಾ ಮಂಡಳಿಯಲ್ಲಿ ಇಡಿ, ಸುಳ್ಳು ಅರ್ಜಿಯ ಭಾಗದಿಂದ ದೂರ ಇಡಿ. ಎರಡನೆಯದು, ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಹಕ್ಕು ನಿಮ್ಮದು ಅಂತ ಮೊದಲ ದಿನವೇ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಇದನ್ನು ಒಪ್ಪದ ಕಂಪನಿ ಬೇಡ, ಅದು ಎಷ್ಟೇ ದೊಡ್ಡ ಹೆಸರಾದರೂ.

ವ್ಯಕ್ತಿಗಳನ್ನು ಹುಡುಕುವುದು ಎಲ್ಲಿ? ಒಕ್ಕೂಟದ ಹಣ ಪಡೆದ ಯೋಜನೆಗಳೆಲ್ಲ ಕಾರ್ಡಿಸ್ ಅನ್ನುವ ಜಾಲತಾಣದಲ್ಲಿ ಇವೆ, ಯಾರು ಯಾರ ಜೊತೆ ಕೆಲಸ ಮಾಡಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ವಲಸೆ ಸಂಶೋಧಕರ ಜಾಲ ಇಮಿಸ್ಕೋ 2004ರಲ್ಲಿ ಒಕ್ಕೂಟದ ಹಣದಿಂದಲೇ ಶುರುವಾಯಿತು. ಆ ಹಣ ಮುಗಿದ ಮೇಲೂ ಸದಸ್ಯ ಸಂಸ್ಥೆಗಳ ಚಂದಾದಲ್ಲಿ ಇವತ್ತಿಗೂ ನಡೆಯುತ್ತಿದೆ. ಅದರ ವಾರ್ಷಿಕ ಸಮ್ಮೇಳನಕ್ಕೆ ಹೋಗಿ. ಪ್ರತಿ ದೇಶದಲ್ಲೂ ಹೊರೈಜನ್ ಅನುದಾನಕ್ಕೆ ರಾಷ್ಟ್ರೀಯ ಸಂಪರ್ಕ ಅಧಿಕಾರಿಗಳಿದ್ದಾರೆ, ಸಮಾಜ ವಿಜ್ಞಾನದ ಕಡೆಯವರ ಜಾಲಕ್ಕೆ ನೆಟ್‌ಫಾರ್‌ಸೊಸೈಟಿ ಅಂತ ಹೆಸರು. ಪುಕ್ಕಟೆ ಸಹಾಯ ಮಾಡುತ್ತಾರೆ, ಬಳಸಿಕೊಳ್ಳಿ. ಪತ್ರ ಬರೆಯುವಾಗ "ನಮ್ಮ ಜೊತೆ ಸೇರುತ್ತೀರಾ" ಅಂತ ಸುಮ್ನೆ ಕೇಳಬೇಡಿ. ಅವರ ಒಂದು ಲೇಖನ ಓದಿ, ನಿಮ್ಮ ಪ್ರಶ್ನೆಯಲ್ಲಿ ಅವರ ದೇಶ ಯಾಕೆ ಬೇಕು ಅಂತ ನಾಲ್ಕು ಸಾಲು ಬರೆದು, ಒಂದು ಪುಟದ ಟಿಪ್ಪಣಿ ಲಗತ್ತಿಸಿ.

ಇಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಮಾತೊಂದಿದೆ. ತಾರತಮ್ಯದ ಬಗ್ಗೆ ಮಾಡುವ ಸಂಶೋಧನೆಯಲ್ಲೇ ಮೇಲು ಕೀಳು ನುಸುಳುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಉತ್ತರದ, ಪಶ್ಚಿಮದ ವಿಶ್ವವಿದ್ಯಾಲಯಗಳು ಸಿದ್ಧಾಂತ ಬರೆಯುತ್ತವೆ, ಬಲ್ಗೇರಿಯಾದ ಅಥವಾ ಪೋರ್ಚುಗಲ್‌ನ ತಂಡ ಡೇಟಾ ತಂದುಕೊಡುತ್ತದೆ, ಪ್ರಬಂಧದಲ್ಲಿ ಅವರ ಹೆಸರು ಕೊನೆಯಲ್ಲಿ ಬರುತ್ತದೆ ಅಥವಾ ಬರುವುದೇ ಇಲ್ಲ. ಸಂದರ್ಶನ ಮಾಡುವ ಹುಡುಗ ಹುಡುಗಿಯರು ವಲಸೆ ಕುಟುಂಬದವರು, ಅವರದ್ದು ಆರು ತಿಂಗಳ ಗುತ್ತಿಗೆ. ಇದು ಬರೀ ಅನ್ಯಾಯದ ಪ್ರಶ್ನೆ ಅಲ್ಲ, ಕೆಲಸವೂ ಕೆಡುತ್ತದೆ, ಯಾಕೆಂದರೆ ರೋಮಾ ಹುಡುಗನೊಬ್ಬ ಕಾರ್ಖಾನೆಯ ಗೇಟಿನಲ್ಲೇ ಯಾಕೆ ವಾಪಸ್ ಹೋಗುತ್ತಾನೆ ಅನ್ನುವುದು ಆ ಊರಿನ ಸಂಶೋಧಕರಿಗೆ ಗೊತ್ತಿರುತ್ತದೆ, ಪ್ರಶ್ನಾವಳಿ ಬರೆಯುವ ಮೇಜಿನಲ್ಲಿ ಅವರು ಇಲ್ಲದಿದ್ದರೆ ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ಕನಿಷ್ಠ ಒಂದು ವರ್ಕ್ ಪ್ಯಾಕೇಜನ್ನು, ಅಂದರೆ ಯೋಜನೆಯ ಒಂದು ಭಾಗವನ್ನು, ಅವರೇ ಮುನ್ನಡೆಸಲಿ, ಅದು ಪ್ರಚಾರದ ಕೆಲಸ ಆಗಿರದೆ ಸಂಶೋಧನೆಯ ತಿರುಳಿನ ಭಾಗ ಆಗಿರಲಿ. ಲೇಖಕರ ಹೆಸರಿನ ನಿಯಮ, ಡೇಟಾ ಯಾರಿಗೆ ಸೇರಿದ್ದು ಅನ್ನುವುದು ಎಲ್ಲವೂ ಪಾಲುದಾರರ ಒಪ್ಪಂದದಲ್ಲಿ ಬರಲಿ. ಡೆಸ್ಕಾ ಅನ್ನುವ ಸಿದ್ಧ ಮಾದರಿ ಇದೆ, ಅದನ್ನೇ ಇಟ್ಟುಕೊಂಡು ಈ ಅಂಶಗಳನ್ನು ಸೇರಿಸಿ.

ಹಣದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೊರೈಜನ್ ಯುರೋಪ್ 2021ರಿಂದ 2027ರವರೆಗಿನದು. ನಿಮ್ಮ ವಿಷಯ ಬರುವುದು ಅದರ ಎರಡನೇ ಕ್ಲಸ್ಟರ್‌ನಲ್ಲಿ, ಅಂದರೆ ವಿಷಯಗಳ ಗುಂಪಿನಲ್ಲಿ. ಒಕ್ಕೂಟದ ಸದಸ್ಯ ದೇಶಗಳು ಅಥವಾ ಈ ಕಾರ್ಯಕ್ರಮಕ್ಕೆ ಸೇರಿಕೊಂಡ ದೇಶಗಳ ಪೈಕಿ ಕನಿಷ್ಠ ಮೂರು ದೇಶಗಳ ಮೂರು ಸಂಸ್ಥೆ ಬೇಕು, ಅದರಲ್ಲಿ ಒಂದಾದರೂ ಸದಸ್ಯ ದೇಶದ್ದಾಗಿರಬೇಕು. ಬ್ರಿಟನ್ 2024ರ ಜನವರಿಯಿಂದ ಈ ಕಾರ್ಯಕ್ರಮಕ್ಕೆ ಮತ್ತೆ ಸೇರಿಕೊಂಡಿದೆ. ಹೊರೈಜನ್‌ನಲ್ಲಿ ವಿಷಯವನ್ನು ಅವರೇ ಕೊಡುತ್ತಾರೆ, ನೀವು ಅದಕ್ಕೆ ಹೊಂದಬೇಕು. ಹೊಂದದಿದ್ದರೆ ಎಳೆದು ಕೂರಿಸಬೇಡಿ. ಇನ್ನೂ ಜೊತೆಗೆ ಕೆಲಸ ಮಾಡಿರದ ತಂಡಕ್ಕೆ ನಾನು ಮೊದಲು ಹೇಳುವುದು ಕಾಸ್ಟ್ ಅನ್ನು. ಸಂಶೋಧಕರ ಜಾಲಗಳಿಗೆ ಹಣ ಕೊಡುವ, 1971ರಿಂದ ಇರುವ ಯುರೋಪಿನ ವ್ಯವಸ್ಥೆ ಇದು. ವಿಷಯ ನಿಮ್ಮದೇ. ಕನಿಷ್ಠ 7 ದೇಶ ಬೇಕು, ನಾಲ್ಕು ವರ್ಷ ಸಭೆ, ತರಬೇತಿ ಶಿಬಿರ, ಒಬ್ಬರ ಸಂಸ್ಥೆಗೆ ಇನ್ನೊಬ್ಬರು ಹೋಗಿ ಕೆಲವು ವಾರ ಇದ್ದು ಕೆಲಸ ಮಾಡುವುದು, ಇದಕ್ಕೆಲ್ಲ ಹಣ ಕೊಡುತ್ತದೆ. ಸಂಬಳ ಕೊಡುವುದಿಲ್ಲ. ಪರಿಶೀಲಿಸುವವರಿಗೆ ಅರ್ಜಿದಾರರ ಹೆಸರು ಕಾಣುವುದಿಲ್ಲ, ಹಾಗಾಗಿ ದೊಡ್ಡ ಪ್ರೊಫೆಸರ್ ಹೆಸರು ಇಲ್ಲ ಅಂತ ಹಿಂಜರಿಯಬೇಕಾಗಿಲ್ಲ. ಮೇಲೆ ಹೇಳಿದ ಅಳತೆಯ ಕೆಲಸವನ್ನು ಇದರಲ್ಲೇ ಮಾಡಿ ಮುಗಿಸಬಹುದು.

ಭಾರತದ ಸಂಸ್ಥೆ ಸೇರಬಹುದು. ಆದರೆ ಹೊರೈಜನ್‌ನಲ್ಲಿ ಭಾರತಕ್ಕೆ ತಾನಾಗಿ ಹಣ ಸಿಗುವುದಿಲ್ಲ, ಸಾಮಾನ್ಯವಾಗಿ ತಮ್ಮ ಖರ್ಚು ತಾವೇ ನೋಡಿಕೊಳ್ಳುವ ಸಹವರ್ತಿ ಆಗಿ ಬರಬೇಕು. ಸಂಶೋಧಕರ ಓಡಾಟಕ್ಕೆ ಮತ್ತು ತರಬೇತಿಗೆ ಹಣ ಕೊಡುವ ಒಕ್ಕೂಟದ ಮೇರಿ ಕ್ಯೂರಿ ಯೋಜನೆಯ ಸಿಬ್ಬಂದಿ ವಿನಿಮಯದಲ್ಲಿ ಯುರೋಪಿನವರು ಭಾರತಕ್ಕೆ ಬಂದಿರಲು ಹಣ ಸಿಗುತ್ತದೆ. ಸೇರಿಸಿಕೊಳ್ಳುವುದಾದರೆ ಗಟ್ಟಿ ಕಾರಣ ಇರಲಿ, ನಿಮ್ಮ ವಿಷಯದಲ್ಲಿ ಅದು ಇದೆ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಭಾರತದ ಖಾಸಗಿ ಕಂಪನಿಗಳಿಗೆ ಇದೇ ಥರ ಅರ್ಜಿ ಕಳಿಸಿ ಮಾಡಿದ ಅಧ್ಯಯನ 2007ರಲ್ಲಿ ಬಂತು. ಒಂದೇ ಅರ್ಹತೆ ಇದ್ದರೂ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕಡಿಮೆ ಕರೆ ಬಂದಿತ್ತು. ಯುರೋಪಿನ ಪ್ರಯೋಗಗಳಲ್ಲಿ 'ಭಾರತೀಯ ಹೆಸರು' ಅಂದರೆ ಒಂದೇ ಗುಂಪು. ಅದರೊಳಗೆ ಜಾತಿ ಇದೆ ಅಂತ ಆ ತಂಡಗಳಿಗೆ ಹೊಳೆಯುವುದು ಕಷ್ಟ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರನ್ನು ಇನಿಶಿಯಲ್ ಮಾಡಿಕೊಂಡು ಅಡ್ಡಹೆಸರೇ ಇಲ್ಲದವರು ಎಷ್ಟು ಜನ! ಅದನ್ನು ಯುರೋಪಿನ ಅರ್ಜಿ ನಮೂನೆ ಹೇಗೆ ಓದುತ್ತದೆ? ಬ್ರಿಟನ್ನಿನಲ್ಲಿ ಜಾತಿಯನ್ನು ಸಮಾನತೆ ಕಾಯ್ದೆಗೆ ಸೇರಿಸಬೇಕು ಅಂತ ಸಂಸತ್ತು 2013ರಲ್ಲಿ ಹೇಳಿತು, 2018ರಲ್ಲಿ ಸರ್ಕಾರ ಅದು ಬೇಡ, ನ್ಯಾಯಾಲಯದ ತೀರ್ಪುಗಳೇ ಸಾಕು ಅಂದಿತು. ಕೆಲಸದ ಜಾಗದಲ್ಲಿ ಭಾರತೀಯರೇ ಭಾರತೀಯರಿಗೆ ಮಾಡುವ ತಾರತಮ್ಯವನ್ನು ಯುರೋಪಿನ ದೊಡ್ಡ ಯೋಜನೆಯೊಳಗೆ ತರಬಲ್ಲವರು ನಿಮ್ಮಂಥವರೇ. ಒಂದು ಎಚ್ಚರಿಕೆ: ಡೇಟಾ ರಕ್ಷಣೆಯ ವಿಷಯದಲ್ಲಿ ಭಾರತಕ್ಕೆ ಒಕ್ಕೂಟದ ಮಾನ್ಯತೆ ಇಲ್ಲ. ಬೆಂಗಳೂರಿನಲ್ಲಿ ಕೂತು ಆಮ್‌ಸ್ಟರ್‌ಡ್ಯಾಮಿನ ಸರ್ವರ್ ತೆರೆದು ನೋಡಿದರೂ ಅದು ಡೇಟಾ ವರ್ಗಾವಣೆಯೇ. ಅದಕ್ಕೆ ನಿಗದಿತ ಒಪ್ಪಂದದ ಷರತ್ತುಗಳಿಗೆ ಸಹಿ ಆಗಬೇಕು, ಇಲ್ಲವೇ ಗುರುತು ಪೂರ್ತಿ ತೆಗೆದ ಡೇಟಾ ಮಾತ್ರ ಕಳಿಸಬೇಕು.

ಕೊನೆಗೆ ನಿಮ್ಮ ಗುತ್ತಿಗೆ. ಹೊರೈಜನ್ ಅನುದಾನ ಸಿಗುವುದು ಸಂಸ್ಥೆಗೆ, ವ್ಯಕ್ತಿಗೆ ಅಲ್ಲ. ಅರ್ಜಿಯ ಕೊನೆಯ ದಿನದಿಂದ ಸಹಿ ಆಗುವವರೆಗೆ ಎಂಟು ತಿಂಗಳು, ಬರೆಯುವುದಕ್ಕೆ ಅದಕ್ಕೂ ಮೊದಲು ಆರೇಳು ತಿಂಗಳು. ಯೋಜನೆ ಶುರುವಾಗುವ ಹೊತ್ತಿಗೆ ನಿಮ್ಮ ಗುತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ನಿಮ್ಮ ವಿಭಾಗದ ಕಾಯಂ ಪ್ರಾಧ್ಯಾಪಕರೊಬ್ಬರು ಸಂಯೋಜಕರಾಗಲಿ, ನಿಮ್ಮ ಹೆಸರಲ್ಲಿ ಒಂದು ವರ್ಕ್ ಪ್ಯಾಕೇಜ್ ಇರಲಿ, ನಿಮ್ಮ ಸಂಬಳ ಬಜೆಟ್ಟಿನಲ್ಲಿ ಬರವಣಿಗೆಯಲ್ಲೇ ಇರಲಿ. ಬಾಯಿಮಾತಿನ ಭರವಸೆ ಸಾಲದು. ಕಾಸ್ಟ್ ಅರ್ಜಿಯ ಮುಖ್ಯ ಪ್ರಸ್ತಾವಕಿ ನೀವೇ ಆಗಬಹುದು, 40ರೊಳಗಿನ ಸಂಶೋಧಕರಿಗೆ ಅಲ್ಲಿ ಪ್ರೋತ್ಸಾಹವೂ ಇದೆ. ಇದರ ಜೊತೆಗೇ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೂ ಅರ್ಜಿ ಹಾಕಿ. ಪಿಎಚ್‌ಡಿ ಆಗಿ ಎಂಟು ವರ್ಷ ದಾಟಿರಬಾರದು. ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ಇದ್ದ ದೇಶಕ್ಕೆ ಅದು ಸಿಗುವುದಿಲ್ಲ, ಅಂದರೆ ನೆದರ್‌ಲ್ಯಾಂಡ್ಸ್ ಬಹುಶಃ ಆಗುವುದಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಬೇಕಾದ ಇನ್ನೊಂದು ದೇಶ, ಸ್ವೀಡನ್ನೋ ಫ್ರಾನ್ಸೋ, ಆಗುತ್ತದೆ. ಅಲ್ಲಿಗೆ ಹೋಗಿ ಎರಡು ವರ್ಷ ಕೆಲಸ ಮಾಡಿದರೆ ಆ ತಂಡ ಮತ್ತು ನೀವು ಪಾಲುದಾರರಾಗಿಯೇ ಬಿಟ್ಟಿರುತ್ತೀರಿ. ಈ ಫೆಲೋಶಿಪ್‌ನ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ನಿಮ್ಮನ್ನು ತಮ್ಮ ತಂಡಕ್ಕೆ ಸೇರಿಸಿಕೊಳ್ಳಲು ಒಪ್ಪುವ ಪ್ರಾಧ್ಯಾಪಕರನ್ನು ಕನಿಷ್ಠ ಐದಾರು ತಿಂಗಳು ಮೊದಲೇ ಮಾತಾಡಿಸಿ.